ಗುರಿಕಾರನಲ್ಲಿ ಕೇಳಿದ ಮೂರನೆಯ ಪ್ರಶ್ನೆ

ಮಡಂತ್ಯಾರು ಕಡೆಯ ನಮ್ಮ ಕ್ರೈಸ್ತರ ಇಗರ್ಜಿಯಲ್ಲಿ, ನಮ್ಮ ವಾಳೆಯ, ಎಂದರೆ ವಾರ್ಡಿನ, ಮೂವತ್ತು ಮನೆಗಳಿಗೆ ಆಗ ನಾನೇ ಗುರಿಕಾರ, ಮುಖ್ಯಸ್ಥ. ಹೆಣ್ಣು ನೋಡಿದವರು ಮನೆತನ ವಿಚಾರಿಸಲು ಮೊದಲು ಗುರಿಕಾರನಲ್ಲಿಗೆ ಬರುವುದು ನಮ್ಮ ಕ್ರಮ.

ಚುನಾವಣೆ ಹತ್ತಿರವಿದ್ದಾಗ, ನೆರೆಮನೆಯ ಲೀನಳನ್ನು ನೋಡಿಹೋದ ಹುಡುಗನ ಸೋದರಮಾವ ಬಂದರು.

"ಹುಡುಗಿ ಪೂಜೆಗೆ ಬರ್ತಾಳಾ?"

"ತಪ್ಪದೆ ಬರ್ತಾಳೆ."

"ಅಪ್ಪನಿಗೆ ಕುಡಿತ ಉಂಟಾ?"

"ಇಲ್ಲ."

ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಆ ಮನೆಯವರ ಓಟು ಯಾರಿಗೆ? ಆ ಪಕ್ಷಕ್ಕೆ ಹಾಕುವವರು ಕ್ರೈಸ್ತರೇ ಅಲ್ಲ, ಮಾರಾಯ್ರೆ."

ಇವರು ಬಂದದ್ದು ಸಂಬಂಧಕ್ಕೋ ಪ್ರಚಾರಕ್ಕೋ ಎಂದು ನನಗೆ ಸಂಶಯ ಹತ್ತಿತು. ಲೀನಳ ಅಪ್ಪ ಅದೇ ಪಕ್ಷಕ್ಕೆ ಹಾಕುವವರೆಂದು ನನಗೆ ಗೊತ್ತಿತ್ತು. ಹೇಳಿದರೆ ಸಂಬಂಧ ಮುರಿಯುತ್ತದೆ.

"ಅದನ್ನು ಪಾಪನಿವೇದನೆಯಲ್ಲಿ ಪಾದ್ರಿಗಳೂ ಕೇಳುವುದಿಲ್ಲ," ಎಂದೆ.

ಅವರು ಚಹಾ ಮುಗಿಸಿ ಎದ್ದರು. ಮದುವೆಯೂ ಆಯಿತು. ನನ್ನ ಓಟು ಯಾರಿಗೆಂದು ಅವರು ಕೇಳದೆ ಹೋದದ್ದು ಮಾತ್ರ ದೇವರ ದಯೆ.