ಗಾಲಿಗೆ ಕೊಟ್ಟ ಕಲ್ಲು

ಮಂಚಿಕೇರಿಯ ಡಾಂಬರು ಮುಗಿದ ಮೇಲೆ ನಮ್ಮೂರಿನವರೆಗೆ ಇರುವುದನ್ನು ರಸ್ತೆ ಎನ್ನುವುದು ಬರೀ ಉಪಚಾರದ ಮಾತು. ಮಳೆಗಾಲದಲ್ಲಿ ಅದು ಹಳ್ಳ, ಬೇಸಿಗೆಯಲ್ಲಿ ಕಲ್ಲಿನ ರಾಶಿ. ಅದರ ತುದಿಯಿಂದ ಗುಡ್ಡ ಹತ್ತಲು ಕಾಲುದಾರಿ ಇದೆಯೆಂದು ಯಾರೋ ಮೊಬೈಲಿನಲ್ಲಿ ಹಾಕಿದ್ದೇ ತಡ, ಭಾನುವಾರ ಬಂತೆಂದರೆ ಪೇಟೆಯವರ ಸಾಲು. ಅವರನ್ನು ಮೇಲೆ ಮುಟ್ಟಿಸುವುದು ನನ್ನ ಪಕ್ಕದ ಮನೆಯ ನಾಗಪತಿ ನಾಯ್ಕನ ಜೀಪು.

ಈ ಏರಿನಲ್ಲಿ ಗಾಡಿ ನಿಂತರೆ ಹಿಂದಕ್ಕೆ ಜಾರುತ್ತದೆ. ಯಾರಾದರೂ ಇಳಿದು ಗಾಲಿಗೆ ಕಲ್ಲು ಕೊಡಬೇಕು. ಗಾಡಿ ಹತ್ತಿದ ಮೇಲೆ, ಕೊಟ್ಟವನೇ ಆ ಕಲ್ಲನ್ನು ಬದಿಗೆ ಉರುಳಿಸಬೇಕು. ಇದನ್ನು ನಮಗೆಲ್ಲ ಕಲಿಸಿದವನೇ ನಾಗಪತಿ. ಮರೆತವರನ್ನು ಮೇಲಿನಿಂದ ವಾಪಸ್ ನಡೆಸುತ್ತಿದ್ದ. ನನ್ನನ್ನೂ ಒಮ್ಮೆ ನಡೆಸಿದ್ದ. ಆಗ ಸಿಟ್ಟು ಬಂದಿತ್ತು.

ಕಳೆದ ದೀಪಾವಳಿಯ ಹಿಂದಿನ ಭಾನುವಾರ ಅವನ ಜೀಪಿನ ಹಿಂದೆ ಬರುತ್ತಿದ್ದ ಕಾರೊಂದು ತಿರುವಿನಲ್ಲಿ ಸಿಕ್ಕಿಬಿತ್ತು. ನಾಗಪತಿ ಜೀಪನ್ನು ಮೇಲೆ ನಿಲ್ಲಿಸಿ, ನಡೆದು ಬಂದು, ಒಡೆದ ಮೋರಿಯ ಕಲ್ಲೊಂದನ್ನು ಗಾಲಿಗೆ ಕೊಟ್ಟು ಸ್ಟಿಯರಿಂಗ್ ತಾನೇ ಹಿಡಿದ. ಕಾರು ಹತ್ತಿತು. ನಿಲ್ಲಿಸಿದರೆ ಮತ್ತೆ ಜಾರುತ್ತದೆಂದು ನಿಲ್ಲಿಸಲಿಲ್ಲ. ಮೇಲೆ ಚಹಾ, ಮಾತು, ಹತ್ತುವವರಿಗೆ ದಾರಿ ತೋರಿಸುವ ಗಡಿಬಿಡಿ. ಆನೆಗೂ ಅಡಿ ತಪ್ಪುತ್ತದೆ, ಕಲ್ಲು ನೆನಪಾಗಲಿಲ್ಲ.

ಸಂಜೆ ಮಂಜು ಇಳಿದಿತ್ತು. ಪೇಟೆಯವರು ಇನ್ನೂ ಗುಡ್ಡದ ಮೇಲೆಯೇ ಇದ್ದರು. ನಾಗಪತಿಯ ತಮ್ಮ ಪ್ರಮೋದ ಡೇರಿಗೆ ಹಾಲು ಕೊಡಲು ಬೈಕಿನಲ್ಲಿ ಇಳಿದ. ಸ್ವಲ್ಪ ಹೊತ್ತಿಗೆ ಹಾಲಿನ ಕ್ಯಾನು ಉರುಳುವ ಸದ್ದು ಊರಿಗೆಲ್ಲ ಕೇಳಿಸಿತು. ಓಡಿ ಹೋಗಿ ನೋಡಿದರೆ ತಿರುವಿನ ನಡುವಿದ್ದ ಕಲ್ಲಿಗೆ ಬೈಕು ಬಡಿದು ಪ್ರಮೋದ ಬಿದ್ದಿದ್ದ.

ಅವನನ್ನು ಅಣ್ಣನ ಜೀಪಿನಲ್ಲೇ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲಿತ್ತು. ಬೇಗ ಓಡಿಸಿದರೆ ಅಲುಗಾಟಕ್ಕೆ ನರಳುತ್ತಿದ್ದ, ನಿಧಾನಿಸಿದರೆ ಹೊತ್ತು ಹೋಗುತ್ತಿತ್ತು. ಡಾಂಬರು ಸಿಕ್ಕುವ ಹೊತ್ತಿಗೆ ನರಳಾಟ ನಿಂತಿತ್ತು.

ಕಲ್ಲು ಬಿಟ್ಟುಹೋದವರು ಪೇಟೆಯವರೇ ಎಂದು ಊರೆಲ್ಲ ಬೈದಿತು. ಎಲ್ಲರಿಗಿಂತ ಜೋರಾಗಿ ಬೈದವನು ನಾನು. ನಾಗಪತಿಯ ತಾಯಿ ವೆಂಕಮ್ಮ ದಿನಾ ಸಂಜೆ ಜಗುಲಿಯಲ್ಲಿ ಕೂತು, "ಆ ಕಲ್ಲಿಟ್ಟವ ಹಾಳಾಗಿ ಹೋಗ್ಲಿ, ಅವನ ಮನೆ ದೀಪ ಆರ್ಲಿ" ಎಂದು ಶಾಪ ಹಾಕುತ್ತಿದ್ದಳು. ನಾಗಪತಿ ಒಳಗೆ ಕೂತು ಕೇಳುತ್ತಿದ್ದ. ಜೀಪು ಮುಟ್ಟುವುದನ್ನು ಬಿಟ್ಟ, ಊಟ ಅರ್ಧ ಬಿಟ್ಟ. ತಮ್ಮ ಹೋದ ದುಃಖ ಎಂದುಕೊಂಡೆವು.

ಒಂದು ಸಂಜೆ ನಾನೂ ಅಲ್ಲಿದ್ದೆ. ಅವನು ಹೊರಗೆ ಬಂದು ತಾಯಿಯ ಎದುರು ನೆಲಕ್ಕೆ ಕೂತ.

"ಅವ್ವ, ಶಾಪ ಸಾಕು. ಆ ಕಲ್ಲು ಕೊಟ್ಟವ ನಾನೇ. ತೆಗೀಲಿಕ್ಕೆ ಮರ್ತೆ."

ವೆಂಕಮ್ಮ ಅಳಲಿಲ್ಲ.

"ನಂಗೆ ಎಂತಕ್ಕೆ ಹೇಳ್ದೆ?" ಎಂದಳು. "ಬೈಲಿಕ್ಕೆ ಯಾರೋ ಒಬ್ಬ ಇದ್ದ ನಂಗೆ. ಉಳಿದ ಒಬ್ಬ ಮಗನ್ನ ಹ್ಯಾಂಗೆ ಬೈಲಿ?"