ಕಂಬಳಿ ಸುತ್ತಿದ ಗಂಟೆಯ ಪಾಠ

ಕಮ್ಯುನಿಸ್ಟ್ ಆಳ್ವಿಕೆಯ ನಾಡೊಂದರ ಗಾಬ್ರೊವೊ ಪಟ್ಟಣದ ಸಂಜೆ ಶಾಲೆಯಲ್ಲಿ ಯೊರ್ದಾನ್ಕಾ ತೊಪಾಲೊವಾ ಗಿರಣಿಯ ಮೇಸ್ತ್ರಿಗಳಿಗೆ ಆಡಳಿತ ಕಲಿಸುತ್ತಿದ್ದಳು. ಪಠ್ಯಪುಸ್ತಕ ತೆರೆದರೆ ದಣಿದು ಬಂದವರು ತೂಕಡಿಸುತ್ತಿದ್ದರು. ಹೀಗಾಗಿ ತಾನೇ ಕಥೆ ಕಟ್ಟಿ ಓದಿ, ಕೊನೆಗೊಂದು ಪ್ರಶ್ನೆ ಕೇಳುವುದು ಅವಳ ರೂಢಿ. ೧೯೭೪ರ ಚಳಿಗಾಲದಲ್ಲಿ ಅಂಥದೊಂದು ಕಥೆ ಅವಳ ನಿದ್ದೆ ಕೆಡಿಸಿತು.

ಕಥೆಯ ಗಿರಣಿಯಲ್ಲಿ ಬಾಯ್ಲರಿನ ಎಚ್ಚರಿಕೆ ಗಂಟೆ ಹೊಡೆದರೆ ಮಗ್ಗಗಳನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಸರ್ಕಾರ ಗೊತ್ತುಮಾಡಿದ ತಿಂಗಳ ಉತ್ಪಾದನೆಯ ಯೋಜನೆ ಪೂರೈಸುವುದಿಲ್ಲ, ಬೋನಸ್ಸೂ ಸಿಗುವುದಿಲ್ಲ. ತಿಂಗಳ ಕೊನೆಗೆ ಯಾರೋ ಸದ್ದು ಕೇಳದಂತೆ ಗಂಟೆಗೆ ಕಂಬಳಿ ಸುತ್ತುತ್ತಾರೆ. ಇದು ಮೇಲಿನವರ ಅಪ್ಪಣೆಯೆಂದು ಕೆಳಗಿನವರೂ, ಕೆಳಗಿನವರು ತಿಳಿದೇ ಮಾಡಿದ್ದಾರೆಂದು ಮೇಲಿನವರೂ ಸುಮ್ಮನಿರುತ್ತಾರೆ.

"ಕಂಬಳಿ ಸುತ್ತಿದ್ದು ಯಾರು?" ಎಂದು ಕಥೆ ಓದಿ ಮುಗಿಸಿ ಯೊರ್ದಾನ್ಕಾ ಕೇಳಿದಳು.

"ದೆವ್ವ ಇರ್ಬೇಕು ಕಾಮ್ರೇಡ್! ಅದಕ್ಕೂ ಬೋನಸ್ ಬೇಡ್ವಾ?" ಎಂದನೊಬ್ಬ. ಎಲ್ಲರೂ ನಕ್ಕರು. ನೇಯ್ಗೆ ಗಿರಣಿಯ ನೆನ್ಚೊ ಮಾತ್ರ ನಗಲಿಲ್ಲ. ತರಗತಿ ಮುಗಿದ ಮೇಲೆ ಮೆಟ್ಟಿಲ ಬಳಿ ಅವಳನ್ನು ತಡೆದ.

"ನಮ್ಮಲ್ಲೂ ಸುತ್ತಿದಾರೆ. ನಿಮಗ್ಯಾರು ಹೇಳಿದ್ರು?"

"ಯಾರೂ ಇಲ್ಲಪ್ಪ, ನಾನೇ ಕಟ್ಟಿದ್ದು."

"ಯಾರು ನಂಬ್ತಾರೆ? ನಮ್ಮ ಗಿರಣಿಯಿಂದ ಇಲ್ಲಿಗೆ ಬರೋನು ನಾನೊಬ್ನೇ. ನಾನೇ ಹೇಳ್ದೆ ಅಂದ್ಕೋತಾರೆ. ಮನೇಲಿ ಮಕ್ಕಳಿದಾವೆ ಕಾಮ್ರೇಡ್."

ಮರುದಿನ ಪ್ರಾಂಶುಪಾಲ ಬೊಯಾಜಿಯೆವ್ ಅವಳನ್ನು ಕರೆಸಿ ಬಾಗಿಲು ಹಾಕಿಕೊಂಡ. "ನಿಮಗೆ ಸುದ್ದಿ ಕೊಟ್ಟೋನ ಹೆಸರು ಹೇಳಿ. ಇಲ್ದಿದ್ರೆ ನಿಮ್ಮ ಪಾಠ ಇವತ್ತಿಗೆ ಮುಗೀತು. ನಿಮ್ಮ ಕಥೆ ರಾತ್ರೋರಾತ್ರಿ ಊರೆಲ್ಲ ಹಬ್ಬಿದೆ. ಬೆಳಗಿಂದ ಮೂರು ಗಿರಣಿಗಳ ನಿರ್ದೇಶಕರು ಫೋನ್ ಮಾಡಿದಾರೆ. ನಮ್ಮೋರಲ್ಲಿ ಬಾಯಿಬಿಟ್ಟೋನು ಯಾರು ಅಂತ ಒಬ್ಬೊಬ್ರೂ ಕೇಳ್ತಿದಾರೆ."

ನೆನ್ಚೊನ ಹೆಸರು ಯೊರ್ದಾನ್ಕಾಳ ನಾಲಿಗೆಯ ತುದಿಗೆ ಬಂದಿತ್ತು. ತಾನದನ್ನು ಹೇಳಿಬಿಡಬಹುದೆಂಬುದೇ ಅವಳನ್ನು ಹೆಚ್ಚು ಹೆದರಿಸಿತು. ಆಗ 'ಮೂರು' ಎಂಬ ಮಾತು ತಲೆಗೆ ಹೊಕ್ಕಿತು.

"ಒಬ್ಬ ಹೇಳಿದ್ದಿದ್ರೆ ಅದು ಒಂದೇ ಗಿರಣಿ ಕಥೆ ಆಗ್ತಿತ್ತು ಕಾಮ್ರೇಡ್," ಎಂದಳು. "ಮೂವರೂ ತಮ್ಮದೇ ಅಂದ್ಕೊಂಡಿದಾರೆ. ಮೂರೂ ಗಿರಣಿಯೋರು ಕೂಡಿ ನನಗೆ ಹೇಳಿದಾರಾ?"

ಬೊಯಾಜಿಯೆವ್ ಫೋನಿನ ಕಡೆ ನೋಡುತ್ತ ಪಿಸುಗುಟ್ಟಿದ: "ಹಾಗಂತ ಅವರಿಗೆ ಹೇಳೋಕಾಗುತ್ತಾ? ಯಾರ ಹೆಸರೂ ಸಿಗಲಿಲ್ಲ ಅಂತೀನಿ. ಇನ್ಮೇಲೆ ನಿಮ್ಮ ಕಥೆಯ ಗಿರಣಿ ಬಂಡವಾಳಶಾಹಿಗಳ ಪೋರ್ಚುಗಲ್‌ನಲ್ಲಿರ್ಲಿ."

ಮುಂದಿನ ತರಗತಿಯಲ್ಲಿ ಅವಳು ಪೋರ್ಚುಗಲ್‌ನ ಗಿರಣಿಯೊಂದರ ಕಥೆ ಶುರುಮಾಡಿದಳು. ಹಿಂದಿನ ಬೆಂಚಿನಿಂದ ನೆನ್ಚೊ ಕೈಯೆತ್ತಿದ.

"ಅಲ್ಲೂ ತಿಂಗಳ ಕೊನೆಗೆ ಯೋಜನೆ ಮುಗಿಸ್ಬೇಕಾ ಕಾಮ್ರೇಡ್?"

ತರಗತಿ ನಗೆಯಲ್ಲಿ ತೇಲಿತು. ಅಂದು ನೆನ್ಚೊ ಕುಳಿತಂತೆ ಇಂದು ನಗದೆ ಕುಳಿತವರು ಯಾರೆಂದು ಯೊರ್ದಾನ್ಕಾ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಳು.