ಇದ್ದಿಲಿನ ಗೆರೆ

ಗೋಕಾಕದ ಮನೆಗಳ ಮಾಳಿಗೆ ಹತ್ತಿ, ಸೋಲಾರ್ ಫಲಕ ಕೂರಿಸಲು ಬಿಸಿಲು ಸಾಲುತ್ತದೆಯೇ ಎಂದು ಅಳೆಯುವುದು ಆಗ ನನ್ನ ಕೆಲಸ. ಒಂದು ಮಾಳಿಗೆಯಲ್ಲಿ ಶಾವಿಗೆ ಒಣಹಾಕುತ್ತಿದ್ದ ಅಜ್ಜಿ ನನ್ನ ಮೀಟರ್ ನೋಡಿ, "ಇದೇನ್ ಹೇಳತೈತಿ ತಮ್ಮಾ?" ಎಂದರು.

"ಈಗ ಎಷ್ಟು ಬಿಸಿಲೈತಿ ಅಂತ ಹೇಳತೈತ್ರಿ."

"ಈಗಿಂದು ನನಗೂ ಕಾಣತೈತಿ. ಥಂಡ್ಯಾಗ?"

ನಾನು ಮತ್ತೆ ಮೀಟರ್ ನೋಡಿದೆ. ಅಜ್ಜಿ ಇದ್ದಿಲು ತಂದು ನೆಲದ ಮೇಲೆ ಗೆರೆ ಎಳೆದರು. "ಥಂಡ್ಯಾಗ ಬಾಜೂ ಮನಿ ನೆರಳು ಇಲ್ಲಿತನಕ ಬರತೈತಿ. ಅದಕ್ಕ ನಾ ಮೆಣಸಿನಕಾಯಿ ಈ ಕಡೆ ಹಾಕ್ತೀನಿ. ಸೋಲಾರೂ ಇಲ್ಲೇ ಕೂಡಸು, ನನಗೂ ಒಂದೀಟು ಜಾಗಾ ಬಿಡು."

ಆ ಗೆರೆಯನ್ನೇ ನಕ್ಷೆಗೆ ಇಳಿಸಿದೆ. ಚಳಿಗಾಲದಲ್ಲಿ ಹೋಗಿ ನೋಡಿದರೆ ಇದ್ದಿಲು ಮಳೆಗೆ ಅಳಿಸಿತ್ತು, ನೆರಳು ಮಾತ್ರ ಅದೇ ಜಾಗಕ್ಕೆ ಬಂದು ನಿಂತಿತ್ತು. ಅದರಾಚೆ ಬಿಸಿಲಿನಲ್ಲಿ, ಫಲಕದ ಪಕ್ಕ, ಮೆಣಸಿನಕಾಯಿ ಒಣಗುತ್ತಿತ್ತು.

ವರದಿಯಲ್ಲಿ 'ಬಳಸಿದ ಉಪಕರಣ' ಎಂಬಲ್ಲಿ ನಾನು ಮೀಟರಿನ ಹೆಸರನ್ನಷ್ಟೇ ಬರೆದಿದ್ದೆ.